ಹಳೇ ನೆಟ್ ಬಾಕ್ಸ್ ಯಾರ ಕೈಗೂ ಕೊಡಬೇಡಿ, ದುಡ್ಡು ಹುಡುಗರ ನಂಬರ್‌ಗೆ ಹಾಕಬೇಡಿ

ಶಿವಮೊಗ್ಗದವರು, ಅದರಲ್ಲೂ ವಿನೋಬನಗರದ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ಮನೆಯವರಿಗೂ ಸರಿಯಾಗಿ ಹೇಳಿರಲಿಲ್ಲ. ಆದರೆ ನಿನ್ನೆ ಒಂದು ವಿಷಯ ಗೊತ್ತಾಯಿತು, ಅದಾದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಮದುವೆ ಕಾರ್ಡು, ಕರಪತ್ರ, ಥೀಸಿಸ್ಸು, ಸ್ಮರಣ ಸಂಚಿಕೆ, ಎಲ್ಲ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಪುಟ ಕಟ್ಟಿ ಪ್ರೆಸ್ಸಿಗೆ ಕಳಿಸುವ ಕೆಲಸ. ಡೆಸ್ಕ್‌ಟಾಪ್ ಹಳೆಯದು, ಅದರಲ್ಲಿ ವೈಫೈ ಇಲ್ಲ, ವೈರ್ ಚುಚ್ಚಿದರೆ ಮಾತ್ರ ನೆಟ್. ಲ್ಯಾಂಡ್‌ಲೈನ್ ತೆಗೆಸಿ ಎಷ್ಟೋ ವರ್ಷ ಆಯಿತು. ಹಾಗಾಗಿ ಕೇಬಲ್‌ನವರ ಫೈಬರ್ ನೆಟ್ ಹಾಕಿಸಿಕೊಂಡಿದ್ದೆ. ತಿಂಗಳಿಗೆ 500, ಜಿಎಸ್‌ಟಿ ಸೇರಿ 590. ಕೊಡೋದಕ್ಕೆ ಬೇಜಾರಿರಲಿಲ್ಲ. ಬೇಜಾರು ಏನಂದರೆ ಮಳೆ ಶುರುವಾದರೆ ನೆಟ್ ಹೋಯಿತು ಅಂತಲೇ ಲೆಕ್ಕ. ಕರೆಂಟ್ ಕಂಬದ ಮೇಲೆ ಎಳೆದ ವೈರು, ಒಂದು ಕೊಂಬೆ ಬಿದ್ದರೆ ಕಟ್. ಬಾಕ್ಸ್‌ನಲ್ಲಿ ಕೆಂಪು ದೀಪ ಮಿನುಗೋದು, ಫೋನ್ ಮಾಡಿದರೆ 'ಹುಡುಗರು ಲೈನ್ ಮೇಲಿದ್ದಾರೆ'. ಮಲೆನಾಡಿನ ಮಳೆ ನಿಮಗೆ ಗೊತ್ತಲ್ವಾ, ಮೂರು ದಿನ, ನಾಲ್ಕು ದಿನ. ಪ್ರೆಸ್ಸಿನವರು ಕಾಯುತ್ತಾರಾ?

ಅದಕ್ಕೇ ಈ ಮೇ ತಿಂಗಳಲ್ಲಿ, ಮಳೆಗಿಂತ ಮುಂಚೆ ಕಂಪನಿ ಬದಲಾಯಿಸೋಣ ಅಂತ ಹೊರಟೆ. ಅಷ್ಟರಲ್ಲಿ ಮನೆ ಬಾಗಿಲಿಗೇ ಬಂದ ಒಬ್ಬ ಹುಡುಗ. ದೊಡ್ಡ ಕಂಪನಿಯದು, ಹೆಸರು ಹೇಳೋಲ್ಲ, ಟೀ-ಶರ್ಟ್ ಮೇಲೆ ಕಂಪನಿ ಹೆಸರು, ಕುತ್ತಿಗೆಗೆ ಐಡಿ ಕಾರ್ಡು, ಕೈಯಲ್ಲಿ ಪಾಂಪ್ಲೆಟ್. ಮಾತು ಬಹಳ ಮೃದು. ಮೊದಲ ಮಾತಿಗೇ 'ಅಕ್ಕ' ಅಂದ.

'ಅಕ್ಕ, ಲ್ಯಾಂಡ್‌ಲೈನ್ ಏನೂ ಬೇಡ. ರೂಟರ್ ಫ್ರೀ, ಇನ್‌ಸ್ಟಾಲೇಶನ್ ಫ್ರೀ. ಆರು ತಿಂಗಳದ್ದು ಒಟ್ಟಿಗೆ ಕಟ್ಟಿಬಿಡಿ ಸಾಕು.' ತಿಂಗಳಿಗೆ 599. ಆರಕ್ಕೆ 3,594, ಶೇಕಡಾ 18 ಜಿಎಸ್‌ಟಿ ಸೇರಿದರೆ 4,241. ಮೊಬೈಲ್‌ನಲ್ಲೇ ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಸರಿಯಾಗೇ ಇತ್ತು, ಅದಕ್ಕೇ ನಂಬಿದೆ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, 'ನಿಮಗೆ 4,000ಕ್ಕೆ ಮಾಡಿಸ್ತೀನಿ ಅಕ್ಕ, ಆದರೆ ನನ್ನ ನಂಬರ್‌ಗೆ ಹಾಕಿ, ಆಫೀಸಲ್ಲಿ ನಾನು ಕಟ್ಟಿ ಆಫರ್ ಹಾಕಿಸ್ತೀನಿ' ಅಂದ.

ಹಳೇ ಕನೆಕ್ಷನ್ ಏನು ಮಾಡೋದು ಅಂತ ನಾನೇ ಕೇಳಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನಾನು ಕೇಳಿದೆ. ಅದಕ್ಕೆ ಅವನು, 'ಸಿಮ್ ಪೋರ್ಟ್ ಮಾಡ್ತೀವಲ್ಲ ಅಕ್ಕ, ಹಾಗೇ. ಇಲ್ಲಿ ಹಾಕಿದ ತಕ್ಷಣ ಅಲ್ಲಿ ತಾನೇ ಕಟ್ ಆಗತ್ತೆ. ನೀವು ಅವರಿಗೆ ಫೋನ್ ಮಾಡೋದೇ ಬೇಡ, ಮಾಡಿದ್ರೆ ಸುಮ್ನೆ ಎಳೆದಾಡ್ತಾರೆ' ಅಂದ.

ಇದು ಶುದ್ಧ ಸುಳ್ಳು. ಪೋರ್ಟ್ ಅನ್ನೋದು ಮೊಬೈಲ್ ನಂಬರಿಗೆ ಮಾತ್ರ, ಅದು ದೇಶದಲ್ಲೆಲ್ಲ 2011ರಿಂದ ಇದೆ. ಮನೆಯ ಬ್ರಾಡ್‌ಬ್ಯಾಂಡಿಗೆ ಅಂಥದ್ದು ಇಲ್ಲವೇ ಇಲ್ಲ. ಹೊಸದು ಹಾಕಿಸೋದು ಒಂದು ಕೆಲಸ, ಹಳೆಯದನ್ನು ಬಿಡಿಸೋದು ಬೇರೆಯೇ ಕೆಲಸ, ಎರಡನ್ನೂ ನೀವೇ ಮಾಡಬೇಕು. ನನಗೆ ಇದು ಗೊತ್ತಿರಲಿಲ್ಲ. ಸಿಮ್ ಎರಡು ಸಲ ಪೋರ್ಟ್ ಮಾಡಿಸಿದ್ದೆ, ಅದೇ ಥರ ಇರುತ್ತೆ ಅಂದುಕೊಂಡೆ.

ಮೇ 12ಕ್ಕೆ ಇನ್ನೊಬ್ಬನ ಜೊತೆ ಬಂದು ಲೈನ್ ಎಳೆದರು. ಆ ದಿನ ನಡೆದದ್ದು ಈಗಲೂ ಕಣ್ಣ ಮುಂದೆ ಇದೆ. ಹಳೇ ಬಾಕ್ಸ್ ಟಿವಿ ಸ್ಟ್ಯಾಂಡ್ ಪಕ್ಕದ ಗೋಡೆಗೆ ಎರಡು ಮೊಳೆ ಮೇಲೆ ನೇತಾಡುತ್ತಿತ್ತು. ಅವನು ಹಸಿರು ತುದಿಯ ಆ ಸಣ್ಣ ಹಳದಿ ವೈರನ್ನು ಕಿತ್ತ, ಕೆಂಪು ದೀಪ ಹತ್ತಿತು, ಸ್ವಿಚ್ ಆರಿಸಿದ. ಬಾಕ್ಸನ್ನು ಮೊಳೆಯಿಂದ ಎತ್ತಿ, ಅಡಾಪ್ಟರಿನ ವೈರನ್ನು ಅದಕ್ಕೇ ಮೂರು ಸುತ್ತು ಸುತ್ತಿದ. 'ಇದನ್ನ ನಾವೇ ಅವರಿಗೆ ವಾಪಸ್ ಕೊಡ್ತೀವಿ ಅಕ್ಕ, ನಿಮಗ್ಯಾಕೆ ತಲೆನೋವು' ಅಂತ ಬ್ಯಾಗಿಗೆ ಹಾಕಿಕೊಂಡ. ಬಿಸಿಲಲ್ಲಿ ಬಂದಿದ್ದಾರೆ ಅಂತ ನಾನು ಇಬ್ಬರಿಗೂ ಮಜ್ಜಿಗೆ ಕೊಟ್ಟೆ. ಕುಡಿದರು. ಬಾಕ್ಸ್ ತೆಗೆದುಕೊಂಡು ಹೋದರು. ಒಂದು ಚೀಟಿ ಇಲ್ಲ, ಸಹಿ ಇಲ್ಲ, ಒಂದು ಫೋಟೋ ಸಹ ತೆಗೆದುಕೊಳ್ಳಲಿಲ್ಲ ನಾನು.

4,000 ರೂಪಾಯಿ ಅವನ ನಂಬರ್‌ಗೆ ಹಾಕಿದೆ. ಹಾಕುವಾಗ ಸ್ಕ್ರೀನ್ ಮೇಲೆ ಬಂದದ್ದು ಕಂಪನಿ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ನೋಡಿದೆ. ನೋಡಿಯೂ ಹಾಕಿದೆ. ರಸೀದಿ ಅಂತ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ, 'ಸಿಕ್ಸ್ ಮಂತ್ಸ್ ಪೇಯ್ಡ್' ಅಂತ ಕೈಯಲ್ಲಿ ಬರೆದದ್ದು.

ಒಂದು ತಿಂಗಳು ನೆಟ್ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಜೂನ್ 11ರ ಬೆಳಿಗ್ಗೆ ನಿಂತಿತು. ಜೋರು ಮಳೆ, ಲೈನ್ ಹೋಗಿರಬೇಕು ಅಂದುಕೊಂಡೆ. ಆದರೆ ಬಾಕ್ಸ್‌ನಲ್ಲಿ ಕೆಂಪು ದೀಪ ಇಲ್ಲ, ಹಸಿರು ಇದೆ, ನೆಟ್ ಮಾತ್ರ ಇಲ್ಲ. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ.

'ಮೇಡಂ, ನಿಮ್ಮ ಪ್ಲಾನ್ ಮುಗಿದಿದೆ. ರೀಚಾರ್ಜ್ ಮಾಡ್ಕೊಳ್ಳಿ.'

ಆರು ತಿಂಗಳದ್ದು ಕಟ್ಟಿದ್ದೀನಲ್ಲ ಅಂದೆ.

'ಇಲ್ಲ ಮೇಡಂ, ನಮ್ಮ ಸಿಸ್ಟಮ್‌ನಲ್ಲಿ 707 ರೂಪಾಯಿ ಮಾತ್ರ ಬಂದಿದೆ. ಒಂದು ತಿಂಗಳ ಪ್ಲಾನ್.'

707! ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಇನ್ನೊಂದು ಸಲ ನೋಡಿ ಅಂದೆ. ನೋಡಿದರು. ಅದೇ 707. ಉಳಿದ 3,293 ರೂಪಾಯಿ ಅವನ ಜೇಬಿಗೆ. ಒಂದು ತಿಂಗಳದ್ದು ಕಟ್ಟಿ ನೆಟ್ ಶುರು ಮಾಡಿಸಿದ, ನಾನು ಸಂತೋಷವಾಗಿದ್ದೆ. ನೆಟ್ ಬರುತ್ತಿದ್ದರೆ ಯಾರು ತಾನೇ ಲೆಕ್ಕ ನೋಡುತ್ತಾರೆ. ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ದುಡ್ಡಿಗಿಂತ, ಅವನು 'ಅಕ್ಕ' ಅಂದದ್ದು ನೆನಪಾಗಿ ಮೈಯೆಲ್ಲ ಉರಿಯಿತು.

ಅವನಿಗೆ ಫೋನ್ ಮಾಡಿದೆ. ಮೊದಲ ದಿನ, 'ಅಪ್‌ಡೇಟ್ ಆಗಿಲ್ಲ ಅಕ್ಕ, ಸಂಜೆಯೊಳಗೆ ಆಗತ್ತೆ.' ಎರಡನೇ ದಿನ, 'ಸರ್ವರ್ ಪ್ರಾಬ್ಲಮ್.' ಮೂರನೇ ದಿನ ಸ್ವಿಚ್ ಆಫ್. ಆಮೇಲೆ ಬೇರೆ ನಂಬರಿಂದ ಮಾಡಿದರೆ ರಿಂಗ್ ಆಯಿತು, ನನ್ನ ದನಿ ಕೇಳಿ ಕಟ್ ಮಾಡಿದ.

ಕಂಪನಿಯ ಲೋಕಲ್ ಆಫೀಸಿಗೇ ಹೋದೆ. ಅಲ್ಲಿ ಕೂತವರ ಉತ್ತರ ಕೇಳಿ. 'ಅವನು ನಮ್ಮ ಸ್ಟಾಫ್ ಅಲ್ಲ ಮೇಡಂ, ಫ್ರಾಂಚೈಸಿಯವನು.' ಫ್ರಾಂಚೈಸಿಯವರ ಹತ್ತಿರ ಹೋದರೆ, 'ಅವನು ಕೆಲಸ ಬಿಟ್ಟ ಮೇಡಂ.' ಟೀ-ಶರ್ಟ್ ನಿಮ್ಮದು, ಕಾರ್ಡ್ ನಿಮ್ಮದು, ನನ್ನ ಮನೆಗೆ ಎಳೆದ ಲೈನ್ ನಿಮ್ಮದು, ಅವನು ಮಾತ್ರ ನಿಮ್ಮವನಲ್ವಾ ಅಂದೆ. ಅದಕ್ಕೆ ಅವರು ಹೇಳಿದ್ದು, 'ನೀವು ಓದಿದವರ ಥರ ಕಾಣ್ತೀರ, ಯಾಕೆ ಅವನ ನಂಬರ್‌ಗೆ ಹಾಕಿದ್ರಿ?' ಅಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು. ಆ ಮಾತು ನಾನು ಮರೆಯೋಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಜುಲೈ ಮೊದಲ ವಾರ ಹಳೇ ಕೇಬಲ್‌ನವರ ಫೋನ್. ಮೇ, ಜೂನ್ ಎರಡು ತಿಂಗಳ ಬಿಲ್ 1,180 ಬಾಕಿ. ನಾನು ಬಿಡಿಸಿದ್ದೀನಲ್ಲ ಅಂದೆ. 'ಬಿಡಿಸ್ತೀನಿ ಅಂತ ನೀವು ಯಾವಾಗ ಹೇಳಿದ್ರಿ? ಮೆಸೇಜ್ ಇದೆಯಾ? ಸರಿ, ಬಾಕ್ಸ್ ಎಲ್ಲಿ?' ಬಾಕ್ಸ್! ಅದರ ಸೀರಿಯಲ್ ನಂಬರ್ ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇದೆ. ಅದು ಬಾಡಿಗೆಯ ಲೆಕ್ಕದಲ್ಲಿ ಕೊಟ್ಟದ್ದು, ವಾಪಸ್ ಕೊಡದಿದ್ದರೆ 2,000. ಒಟ್ಟು 3,180. ಅವರ ಮೇಲೆ ಕೋಪ ಮಾಡಿಕೊಳ್ಳೋಕೂ ಆಗಲಿಲ್ಲ, ಯಾಕೆಂದರೆ ಅವರು ಕೇಳಿದ್ದು ನ್ಯಾಯವೇ. ಕಾಡಿ ಬೇಡಿ ಜೂನ್‌ನ ಬಿಲ್ ಬಿಡಿಸಿಕೊಂಡೆ, ಉಳಿದ 2,590 ಕಟ್ಟಿದೆ.

ಇದರ ನಡುವೆ ನನ್ನ ಕೆಲಸದ ಕತೆ. ಒಂದು ಶಾಲೆಯ ಸ್ಮರಣ ಸಂಚಿಕೆ, 120 ಪುಟ, ನೆಟ್ ನಿಂತ ಅದೇ ವಾರ ಪ್ರೆಸ್ಸಿಗೆ ಹೋಗಬೇಕಿತ್ತು. ಡೆಸ್ಕ್‌ಟಾಪಿಗೆ ವೈಫೈ ಇಲ್ಲ, ಹಾಟ್‌ಸ್ಪಾಟ್ ಹಾಕಿದರೂ ಪ್ರಯೋಜನ ಇಲ್ಲ. ತಂಗಿಯ ಮಗ ಹೇಳಿಕೊಟ್ಟ, ಇದು ನಿಮಗೂ ಉಪಯೋಗಕ್ಕೆ ಬರಬಹುದು. ಮೊಬೈಲನ್ನು ಚಾರ್ಜರ್ ವೈರಿನಿಂದಲೇ ಕಂಪ್ಯೂಟರಿಗೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಸಿಮ್‌ನ ನೆಟ್ಟೇ ಕಂಪ್ಯೂಟರಿಗೆ ಬರುತ್ತದೆ. ಚಾರ್ಜ್ ಮಾತ್ರ ಆಗುವ ವೈರ್ ಆಗಬಾರದು, ಡೇಟಾ ಹೋಗುವ ವೈರ್ ಬೇಕು. ನಮ್ಮ ಮನೆ ಒಳಗೆ ಸಿಗ್ನಲ್ ಇಲ್ಲ, ಟೇಬಲ್ಲನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಂಡು ರಾತ್ರಿ ಹನ್ನೊಂದರ ಮೇಲೆ ಕಳಿಸಿದೆ. ಈ ಉಪಾಯ ಮೊದಲೇ ಗೊತ್ತಿದ್ದಿದ್ದರೆ ನೆಟ್ ಬದಲಾಯಿಸೋಕೆ ಅಷ್ಟು ಅವಸರ ಮಾಡುತ್ತಲೇ ಇರಲಿಲ್ಲ.

ದೂರಿನ ವಿಷಯ. ಟ್ರಾಯ್‌ಗೆ, ಅಂದರೆ ಫೋನ್, ನೆಟ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಗೆ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸೋಲ್ಲ. ಮೊದಲು ಕಂಪನಿಗೇ ದೂರು ಕೊಟ್ಟು ಕಂಪ್ಲೇಂಟ್ ನಂಬರ್ ತೆಗೆದುಕೊಳ್ಳಬೇಕು, ಅದು ಇಲ್ಲದೆ ನೀವು ಎಷ್ಟು ಕೂಗಿದರೂ ಲೆಕ್ಕಕ್ಕಿಲ್ಲ. ಅವರ ಉತ್ತರ ಒಪ್ಪಿಗೆ ಆಗದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ಹೋಗಬೇಕು, ಅದಕ್ಕೆ ದುಡ್ಡಿಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ನಾನು ಅಪೀಲು ಹಾಕಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಬರುತ್ತೋ ಬಿಡುತ್ತೋ, ಬಿಡೋದಿಲ್ಲ ನಾನು.

ನೀವು ಬದಲಾಯಿಸುವುದಾದರೆ ಇಷ್ಟು ಮಾಡಿ. ಹೊಸದು ಬಂದು ನಾಲ್ಕು ದಿನ ಸರಿಯಾಗಿ ನಡೆಯುವ ತನಕ ಹಳೆಯದನ್ನು ಮುಟ್ಟಿಸಬೇಡಿ. ಬಿಡಿಸುವಾಗ ಹಳೆಯವರಿಗೆ ನೀವೇ ಮೆಸೇಜ್ ಹಾಕಿ, ಬಾಕ್ಸನ್ನು ನೀವೇ ಹೋಗಿ ಕೊಟ್ಟು, ತಳದಲ್ಲಿರುವ ನಂಬರ್ ಬರೆಸಿ ಸಹಿ ತೆಗೆದುಕೊಳ್ಳಿ. ದುಡ್ಡು ಕಂಪನಿಯ ಆಪ್‌ನಲ್ಲೇ ಕಟ್ಟಿ. 241 ರೂಪಾಯಿ ಉಳಿಯುತ್ತೆ ಅಂತ ನಾನು 3,293 ಕಳೆದುಕೊಂಡೆ.

ಈಗ ನಿನ್ನೆಯ ವಿಷಯ. ನಮ್ಮ ಮಹಡಿ ಮೇಲಿನ ಮನೆಯಲ್ಲಿ ರಿಟೈರ್ಡ್ ಮೇಷ್ಟ್ರು ಇದ್ದಾರೆ. ಸಂಜೆ ಮಾತಿಗೆ ಮಾತು ಬಂದು, 'ನಾನೂ ಹಾಕಿಸಿದೀನಮ್ಮ, ಒಳ್ಳೇ ಹುಡುಗ, ಹೋದ ವಾರ ತಾನೇ ಬಂದಿದ್ದ, ಒಂದು ವರ್ಷದ್ದು ಒಟ್ಟಿಗೆ ಕೊಟ್ಟೆ, ತುಂಬ ಕಡಿಮೆ ಮಾಡಿಕೊಟ್ಟ' ಅಂದರು. ನನ್ನ ಎದೆ ಧಸಕ್ ಅಂತು. ಯಾವ ಹುಡುಗ ಅಂತ ನನ್ನ ಫೋನಿನಲ್ಲಿದ್ದ ಅವನ ವಾಟ್ಸಾಪ್ ಫೋಟೋ ತೋರಿಸಿದೆ. ಅವನೇ. ಈಗ ಟೀ-ಶರ್ಟ್ ಬೇರೆ ಕಂಪನಿಯದಂತೆ. ಮೇಷ್ಟ್ರ ಮೊಬೈಲ್‌ನಲ್ಲಿ ಆ ಕಂಪನಿಯ ಆಪ್ ಹಾಕಿ, ಅವರ ನಂಬರ್ ಕೊಟ್ಟು ತೆರೆದೆವು. ಪ್ಲಾನ್ ಮುಗಿಯುವ ತಾರೀಖು ನೋಡಿದರೆ ಬರುವ ತಿಂಗಳದ್ದೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಏನೂ ಮಾತಾಡಲಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದೇವೆ. ಈ ವರ್ಷ ಮನೆ ಬಾಗಿಲಿಗೆ ಬಂದ ಹುಡುಗನಿಗೆ ದುಡ್ಡು ಕೊಟ್ಟು ನೆಟ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ನೆಟ್ ಬರುತ್ತಿದೆ ಅಂತ ಸುಮ್ಮನಿರಬೇಡಿ, ಇವತ್ತೇ ಆಪ್ ತೆರೆದು ತಾರೀಖು ನೋಡಿ. ತಪ್ಪಿದ್ದರೆ ನನಗೆ ತಿಳಿಸಿ, ದೂರಿನಲ್ಲಿ ನಿಮ್ಮ ಹೆಸರೂ ಸೇರಿಸೋಣ.