ಕ್ಯೂಎಮು-ಕೆವಿಎಂ: ಹೋಸ್ಟ್ ಕರೆದರೆ ಗೆಸ್ಟ್ ಓಗೊಡುತ್ತದೆಯೇ?

ಲಿನಕ್ಸ್‌ನಲ್ಲಿ ಒಂದು ಕಂಪ್ಯೂಟರ್ (ಹೋಸ್ಟ್) ಒಳಗೆ ಇನ್ನೊಂದು ವರ್ಚುವಲ್ ಕಂಪ್ಯೂಟರ್ (ಗೆಸ್ಟ್) ಓಡಿಸುವ ಕ್ಯೂಎಮು-ಕೆವಿಎಂ ಜೋಡಿಯನ್ನು ವರ್ಷಗಳಿಂದ ದಿನನಿತ್ಯ ಬಳಸುತ್ತಿದ್ದೇನೆ. ಅದರ ವೇಗದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ವರ್ಚುವಲ್ ಮಷೀನ್ ಬೂಟ್ ಆದಮೇಲೆ ಅದರೊಳಗೆ ಫೈಲ್ ಕಳಿಸಬೇಕು, ಐಪಿ ತಿಳಿಯಬೇಕು, ಬ್ಯಾಕಪ್ ತೆಗೆಯಬೇಕು. ತಾಳ್ಮೆ ಕೆಡುವುದು ಅಲ್ಲೇ, ಹಾಗಾಗಿ ಈ ವಿಮರ್ಶೆ ಅಷ್ಟಕ್ಕೇ ಸೀಮಿತ.

ನನ್ನ ಪೂರ್ತಿ ಅಂಕ ಗೆಸ್ಟ್ ಏಜೆಂಟ್‌ಗೆ. ಗೆಸ್ಟ್ ಒಳಗೆ ಹಾಕಿಕೊಳ್ಳುವ ಪುಟ್ಟ ಪ್ರೋಗ್ರಾಂ ಇದು. ನೆಟ್‌ವರ್ಕ್‌ನ ಗೊಡವೆಯಿಲ್ಲದೆ ವರ್ಟಿಯೋ ಸೀರಿಯಲ್ ಚಾನೆಲ್ ಮೂಲಕ ಜೇಸನ್ ರೂಪದಲ್ಲಿ ಮಾತಾಡುತ್ತದೆ. ಇದಿಲ್ಲದೆ ಓಡುತ್ತಿರುವ ಮಷೀನ್‌ನ ಸ್ನ್ಯಾಪ್‌ಶಾಟ್ ತೆಗೆದರೆ ಸಿಗುವುದು ಕರೆಂಟ್ ಹೋದ ಕ್ಷಣದ ಡಿಸ್ಕ್. ಬರೆಯಬೇಕಿದ್ದ ಡೇಟಾ ಇನ್ನೂ ಮೆಮೊರಿಯಲ್ಲೇ ಉಳಿದಿರುತ್ತದೆ. ಏಜೆಂಟ್ ಇದ್ದರೆ ಹೋಸ್ಟ್ ಮೊದಲು 'ಫ್ರೀಜ್' ಅನ್ನುತ್ತದೆ, ಗೆಸ್ಟ್ ಬಾಕಿಯನ್ನೆಲ್ಲ ಡಿಸ್ಕ್‌ಗೆ ಬರೆದು ಬರವಣಿಗೆ ನಿಲ್ಲಿಸುತ್ತದೆ, ಸ್ನ್ಯಾಪ್‌ಶಾಟ್ ಮುಗಿದ ಮೇಲೆ 'ಥಾ', ಅಂದರೆ ಬರವಣಿಗೆ ಮತ್ತೆ ಶುರು. ಡೇಟಾಬೇಸ್ ಇದ್ದವರು ಫ್ರೀಜ್‌ಗೆ ಮುಂಚೆ ಓಡುವ ಹುಕ್ ಸ್ಕ್ರಿಪ್ಟನ್ನೂ ಇಟ್ಟುಕೊಳ್ಳಿ. ಆದರೆ ಹೋಸ್ಟ್ ಕಡೆ ಚಾನೆಲ್ ಸೇರಿಸಿದ ಮಾತ್ರಕ್ಕೆ ಆಗಲಿಲ್ಲ, ಗೆಸ್ಟ್‌ನಲ್ಲಿ ಪ್ಯಾಕೇಜನ್ನೂ ಹಾಕಬೇಕು.

ಫೈಲ್ ಹಂಚಿಕೆಗೆ ವರ್ಟಿಯೋ-ಎಫ್ಎಸ್. ಲಿನಕ್ಸ್ 5.4ರಿಂದ ಕರ್ನೆಲ್‌ನಲ್ಲೇ ಇದೆ, ಹಳೆಯ 9ಪಿ ವಿಧಾನಕ್ಕಿಂತ ಎಷ್ಟೋ ಚುರುಕು. ಮಷೀನ್‌ನ ಸೆಟ್ಟಿಂಗ್‌ನಲ್ಲಿ 'ಶೇರ್ಡ್ ಮೆಮೊರಿ' ಆನ್ ಮಾಡದಿದ್ದರೆ ಕೆಲಸ ಮಾಡದು. ಕೋಡ್ ಬರೆಯುವವರಿಗೆ ಇನ್ನೊಂದು ಕಿರಿಕಿರಿ ಇದೆ: ಹೋಸ್ಟ್‌ನಲ್ಲಿ ಫೈಲ್ ಬದಲಿಸಿ ಸೇವ್ ಮಾಡಿದರೆ ಗೆಸ್ಟ್‌ಗೆ ಹೊಸ ಫೈಲ್ ಕಾಣುತ್ತದೆ, ಆದರೆ 'ಬದಲಾಯಿತು' ಎಂಬ ಐನೋಟಿಫೈ ಸೂಚನೆ ತಲುಪುವುದಿಲ್ಲ. ತಾನಾಗಿ ರೀಲೋಡ್ ಆಗಬೇಕಿದ್ದ ಸರ್ವರ್ ಸುಮ್ಮನೆ ಕೂತಿರುತ್ತದೆ. ಸೂಚನೆಗೆ ಕಾಯದೆ ಆಗಾಗ ಫೈಲನ್ನೇ ನೋಡುವ ಪೋಲಿಂಗ್‌ಗೆ ಬದಲಿಸಿಕೊಳ್ಳಿ.

ನೆಟ್‌ವರ್ಕ್‌ನಲ್ಲಿ ಮಷೀನ್‌ಗಳನ್ನು ನಿಭಾಯಿಸುವ ಲಿಬ್‌ವರ್ಟ್‌ನ ಡೀಫಾಲ್ಟ್ ನ್ಯಾಟ್ (ಹೋಸ್ಟ್‌ನ ವಿಳಾಸದಲ್ಲೇ ಗೆಸ್ಟ್ ಹೊರಗೆ ಹೋಗುವ ವ್ಯವಸ್ಥೆ) ಸಾಕು, 192.168.122.1ಕ್ಕೆ ಕರೆದರೆ ಹೋಸ್ಟ್ ಸಿಗುತ್ತದೆ. ಗೆಸ್ಟನ್ನು ನೇರ ಹೋಸ್ಟ್‌ನ ನೆಟ್‌ವರ್ಕ್ ಕಾರ್ಡಿಗೆ ಜೋಡಿಸುವ ಮ್ಯಾಕ್‌ವಿಟ್ಯಾಪ್ ಆರಿಸಿಕೊಂಡರೆ ಮಾತ್ರ ತಮಾಷೆ: ಗೆಸ್ಟ್‌ಗೆ ಇಡೀ ಲ್ಯಾನ್ ಸಿಗುತ್ತದೆ, ತಾನು ಓಡುತ್ತಿರುವ ಹೋಸ್ಟ್ ಒಂದನ್ನು ಬಿಟ್ಟು! ಇದು ಬಗ್ ಅಲ್ಲ. ಗೆಸ್ಟ್‌ನ ಪ್ಯಾಕೆಟ್ ನೇರವಾಗಿ ನೆಟ್‌ವರ್ಕ್ ಕಾರ್ಡಿನಿಂದ ಹೊರಗೆ ಹೋಗುತ್ತದೆ, ಬಂದ ಪೋರ್ಟಿಗೇ ವಾಪಸ್ ಕಳಿಸುವ ಅಭ್ಯಾಸ ಸಾಮಾನ್ಯ ಸ್ವಿಚ್‌ಗಳಿಗಿಲ್ಲ. ಹೋಸ್ಟ್ ಜೊತೆಗಿನ ಮಾತಿಗೆಂದೇ ಎರಡನೇ ಇಂಟರ್‌ಫೇಸ್ ಕೊಟ್ಟರೆ ಮುಗಿಯಿತು.

ಇತ್ತೀಚೆಗೆ ಮನಸ್ಸು ಗೆದ್ದಿದ್ದು ವಿಸಾಕ್, ಹೋಸ್ಟ್ ಮತ್ತು ಗೆಸ್ಟ್ ನೆಟ್‌ವರ್ಕ್ ಇಲ್ಲದೆ ನೇರವಾಗಿ ಮಾತಾಡುವ ದಾರಿ. ಐಪಿ ಇಲ್ಲ, ಫೈರ್‌ವಾಲ್ ನಿಯಮಗಳ ಜಂಜಾಟವಿಲ್ಲ. ಹೋಸ್ಟ್‌ನ ನಂಬರ್ ಯಾವಾಗಲೂ 2, ಗೆಸ್ಟ್‌ಗಳದ್ದು 3ರಿಂದ ಶುರು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಪ್ರೋಗ್ರಾಂ) 256 ಅಥವಾ ಅದಕ್ಕಿಂತ ಹೊಸದಿರುವ ಗೆಸ್ಟ್‌ಗೆ ವಿಸಾಕ್ ಡಿವೈಸ್ ಕೊಟ್ಟರೆ ದೂರದಿಂದ ಲಾಗಿನ್ ಮಾಡಿಸುವ ಎಸ್ಎಸ್ಎಚ್ ತಾನಾಗಿ ಅದರ ಮೇಲೆ ಕಿವಿಗೊಡುತ್ತದೆ. ಒಳಗೆ ನೆಟ್‌ವರ್ಕ್ ಸೆಟ್ಟಿಂಗ್ ಕೆಡಿಸಿಕೊಂಡಾಗಲೂ ಲಾಗಿನ್ ಆಗಬಹುದು.

ಕ್ಲಿಪ್‌ಬೋರ್ಡ್ ಹಂಚುವ ಸ್ಪೈಸ್ ಏಜೆಂಟ್‌ಗೆ ಪಾಸ್ ಮಾರ್ಕ್, ಅಷ್ಟೇ. ಅನುಮಾನದ ಪ್ರೋಗ್ರಾಂ ಓಡಿಸಿ ನೋಡಲೆಂದೇ ಇಟ್ಟುಕೊಂಡ ಗೆಸ್ಟ್ ಆದರೆ ಅದನ್ನೂ ಫೋಲ್ಡರ್ ಹಂಚಿಕೆಯನ್ನೂ ತೆಗೆದುಬಿಡಿ. ಗೆಸ್ಟ್ ಏಜೆಂಟ್ ಕೊಡುವ ಉತ್ತರವನ್ನೂ ಅಲ್ಲಿ ಪೂರ್ತಿ ನಂಬುವಂತಿಲ್ಲ. ಗೆಸ್ಟ್ ಯಾರ ಕೈಯಲ್ಲಿದೆಯೋ, ಉತ್ತರವೂ ಅವರದೇ.