ಫೋಲ್ಡ್‌ಸ್ಕೋಪ್‌ನಲ್ಲಿ ಕಡಲ ನೀರು: ಏನು ಕಾಣುತ್ತೆ, ಏನು ಕಾಣಲ್ಲ

ಕಡಲಿನ ವಿಷಪಾಚಿಯನ್ನು ಒಳಗಿಂದ ತಿಂದು ಮುಗಿಸುವ ಪರಾವಲಂಬಿಗಳ ಬಗ್ಗೆ ಓದಿದ ಮೇಲೆ, ಮನೆಯಲ್ಲೇ ಒಂದಿಷ್ಟು ನೋಡೋಣ ಅಂತ ಫೋಲ್ಡ್‌ಸ್ಕೋಪ್ ತರಿಸಿಕೊಂಡೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಮೈಕ್ರೋಸ್ಕೋಪ್ ಇದು. ಮೊದಲೇ ಹೇಳಿಬಿಡುತ್ತೇನೆ: ಪಾಚಿ ನೋಡುವುದಕ್ಕೆ ತುಂಬಾ ಚೆನ್ನಾಗಿದೆ, ಪರಾವಲಂಬಿ ಹುಡುಕುವುದಕ್ಕೆ ಸಾಲದು.

ಹಾಳೆಯಿಂದ ಭಾಗಗಳನ್ನು ಬಿಡಿಸಿ, ಮಡಚಿ, ಒಂದಕ್ಕೊಂದು ಸಿಕ್ಕಿಸಬೇಕು. ಹಾಳೆ ಗಟ್ಟಿ, ನೀರು ಬಿದ್ದರೂ ಒರೆಸಿಕೊಂಡರೆ ಆಯ್ತು, ದಂಡೆಯಲ್ಲಿ ಬಳಸುವವರಿಗೆ ಇದೇ ದೊಡ್ಡ ಅನುಕೂಲ. ಲೆನ್ಸ್ ಅಂದರೆ ಒಂದು ಪುಟ್ಟ ಗಾಜಿನ ಗುಂಡು, 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಎರಡೂ ಹೆಬ್ಬೆರಳಲ್ಲಿ ಹಾಳೆ ಸರಿಸುತ್ತಾ ಹುಡುಕಬೇಕು, ಕೈ ಪಳಗುವವರೆಗೆ ಸ್ವಲ್ಪ ತಾಳ್ಮೆ ಬೇಕು. ಅಯಸ್ಕಾಂತದ ಬಿಲ್ಲೆ ಅಂಟಿಸಿ ಮೊಬೈಲಿಗೆ ಜೋಡಿಸಿದರೆ ಎಲ್ಲರೂ ಒಟ್ಟಿಗೆ ನೋಡಬಹುದು.

ಮಲ್ಪೆ ನೀರನ್ನು ಸುಮ್ನೆ ಬಾಟಲಿಯಲ್ಲಿ ಹಿಡಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ಗೆ ಬಳಸುವ ತೆಳು ಜಾಲರಿ ಬಟ್ಟೆಯಲ್ಲಿ ಸೋಸಿ, ಉಳಿದ ಹನಿಯನ್ನು ಸ್ಲೈಡಿಗೆ ಹಾಕಿ. ನನಗೆ ನಾಕ್ಟಿಲೂಕ ಅನ್ನುವ ಸೂಕ್ಷ್ಮಜೀವಿ ಸಿಕ್ಕಿತು, 2020ರ ನವೆಂಬರ್‌ನಲ್ಲಿ ಉಡುಪಿ ಕಡೆಯ ಕಡಲು ರಾತ್ರಿ ನೀಲಿಯಾಗಿ ಹೊಳೆದಿತ್ತಲ್ವಾ, ಅದಕ್ಕೆ ಕಾರಣ ಇದೇ. ನೀರು ತುಂಬಿದ ಬಲೂನಿನ ಹಾಗಿತ್ತು, ಒಂದು ಬದಿಯಲ್ಲಿ ಪುಟ್ಟ ಬಾಲ ನಿಧಾನಕ್ಕೆ ಅಲ್ಲಾಡುತ್ತಿತ್ತು. ಪಕ್ಕದಲ್ಲೇ ಟ್ರೈಪಾಸ್ ಅನ್ನುವ ಮೂರು ಕೊಂಬಿನ ಪಾಚಿ. ಎಷ್ಟು ಹೊತ್ತು ನೋಡಿದೆನೋ!

ಆದರೆ ನನಗೆ ಬೇಕಿದ್ದದ್ದು ಅಮೀಬೋಫ್ರಿಯ ಅನ್ನುವ ಪರಾವಲಂಬಿ. ಇದರ ಬೀಜಕಣ ಪಾಚಿಯ ಕೋಶದೊಳಗೆ ನುಗ್ಗಿ, ಒಳಗಿನದ್ದನ್ನೆಲ್ಲ ತಿಂದು ಬೆಳೆದು, ಎರಡು ಮೂರು ದಿನದಲ್ಲಿ ಕೋಶ ಒಡೆದು ಹುಳುವಿನ ಆಕಾರದಲ್ಲಿ ಹೊರಬರುತ್ತದೆ, ಆಮೇಲೆ ಅದೇ ನೂರಾರು ಹೊಸ ಬೀಜಕಣಗಳಾಗಿ ಬಿಡಿಬಿಡಿಯಾಗುತ್ತದೆ. ಫ್ರಾನ್ಸಿನ ಬ್ರಿಟನಿಯಲ್ಲಿ ಪೆಂಜೆ ಅಳಿವೆಯ ನೀರನ್ನು ಮೂರು ವರ್ಷ ಪರೀಕ್ಷಿಸಿದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ್ದು ಇನ್ನೂ ಸೊಗಸಾಗಿದೆ: ಬೇರೆ ಬೇರೆ ಪಾಚಿಗೆ ಬೇರೆ ಬೇರೆ ಬಗೆಯ ಅಮೀಬೋಫ್ರಿಯ, ಅಲೆಕ್ಸಾಂಡ್ರಿಯಂ ಅನ್ನುವ ವಿಷಕಾರಿ ಪಾಚಿಗೂ ಅದರದ್ದೇ ಒಂದು. ಪಾರ್ವಿಲುಸಿಫೆರ ಅನ್ನುವ ಇನ್ನೊಂದು ಪರಾವಲಂಬಿಯದ್ದು ಬೇರೆಯೇ ಕಥೆ. ಅದರ ಮರಿಗಳು ಚೀಲದೊಳಗೆ ಸುಮ್ಮನೆ ಮಲಗಿರುತ್ತವೆ, ಪಾಚಿ ಬಿಡುವ ಡೈಮೀಥೈಲ್ ಸಲ್ಫೈಡ್ ಅನ್ನುವ ರಾಸಾಯನಿಕ ನೀರಿನಲ್ಲಿ ಹೆಚ್ಚಾದರೆ ಎಚ್ಚೆತ್ತು ಈಜಲು ಶುರು ಮಾಡುತ್ತವೆ.

ಇವುಗಳ ಬೀಜಕಣ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಫೋಲ್ಡ್‌ಸ್ಕೋಪ್ ಸುಮಾರು 2 ಮೈಕ್ರಾನ್‌ವರೆಗೆ ಬಿಡಿಸಿ ತೋರಿಸುತ್ತದೆ. ಅಂದರೆ ಬೀಜಕಣ ಬರೀ ಚುಕ್ಕೆ, ಯಾವುದರದ್ದು ಅಂತ ಹೇಳಲು ಬರುವುದಿಲ್ಲ. ಲ್ಯಾಬಿನಲ್ಲಿ ನೀಲಿ ಬೆಳಕು ಬಿಟ್ಟು ಅಮೀಬೋಫ್ರಿಯ ಹಸಿರಾಗಿ ಹೊಳೆಯುವುದನ್ನು ನೋಡುತ್ತಾರೆ, ಡಿಎನ್‌ಎ ಗುರುತು ಹಿಡಿಯುತ್ತಾರೆ. ಅದು ಈ ಕಾಗದದ ಕೆಲಸವಲ್ಲ, ಅದಕ್ಕೆ ಅಂಕ ಕಳೆಯುವುದೂ ನ್ಯಾಯವಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕರಾವಳಿಯ ಶಾಲೆಗಳು ಕಣ್ಣು ಮುಚ್ಚಿ ಕೊಳ್ಳಬಹುದು. ಒಂದೇ ಮಾತು: ಇದರಲ್ಲಿ ನೀರು ನೋಡಿ ಮರುವಾಯಿ (ಪಾಚಿ ಸೋಸಿ ತಿನ್ನುವ ಚಿಪ್ಪುಜೀವಿ) ತಿನ್ನಬಹುದು ಅಂತ ಯಾರೂ ತೀರ್ಮಾನಿಸಬೇಡಿ. 1983ರಲ್ಲಿ ಮಂಗಳೂರಿನ ಹತ್ತಿರ ಮರುವಾಯಿ ತಿಂದವರಿಗೆ ಪಾಚಿ ವಿಷ ತಗಲಿತ್ತು. ಆ ವಿಷ ಕಣ್ಣಿಗೆ ಕಾಣುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.