ಕೋರ್ಟ್ ಫೀ ಕ್ಯಾಲ್ಕ್ಯುಲೇಟರ್: ಕೂಡುವುದು ಸರಿ, ಕೇಳುವುದು ಸಾಲದು

ಕ್ರಯಪತ್ರವನ್ನೋ ದಾನಪತ್ರವನ್ನೋ ರದ್ದುಪಡಿಸಲು ದಾವೆ ಹೂಡಬೇಕೆಂದಿರುವವರು ಮಂಗಳೂರು, ಉಡುಪಿಯಲ್ಲಿ ಈಗ ವಕೀಲರ ಆಫೀಸಿಗೆ ಹೋಗುವ ಮೊದಲೇ ಮೊಬೈಲಿನಲ್ಲಿ ಫೀ ನೋಡಿಕೊಳ್ಳುತ್ತಾರೆ. ಪುಕ್ಕಟೆ ಸಿಗುವ ಕ್ಯಾಲ್ಕ್ಯುಲೇಟರ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ರಾಜ್ಯ ಆರಿಸಿ, ಮೊತ್ತ ಹಾಕಿ, ಒತ್ತಿ.

ಮೊದಲು ಹೀಗೆ ಪರೀಕ್ಷಿಸಿ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ ದರ ಇಡೀ ಮೊತ್ತಕ್ಕೆ ಒಂದೇ ಅಲ್ಲ, ಹಂತಕ್ಕೊಂದು. 4,00,000 ಹಾಕಿದರೆ 26,875 ಬರಬೇಕು: ಮೊದಲ 15,000ಕ್ಕೆ ಶೇ. 2.5ರಂತೆ 375, ಮುಂದಿನ 60,000ಕ್ಕೆ ಶೇ. 7.5ರಂತೆ 4,500, ಆಮೇಲಿನ 1,75,000ಕ್ಕೆ ಶೇ. 7ರಂತೆ 12,250, ಉಳಿದ 1,50,000ಕ್ಕೆ ಶೇ. 6.5ರಂತೆ 9,750. ಇಡೀ ಮೊತ್ತಕ್ಕೆ ಕೊನೆಯ ದರವನ್ನೇ ಹಚ್ಚಿ 26,000 ತೋರಿಸಿದರೆ ಅದನ್ನು ಅಲ್ಲಿಗೇ ಬಿಡಿ.

ಕೂಡುವುದು ಸರಿಯಿದ್ದರೂ ಯಾವ ಮೊತ್ತ ಹಾಕಬೇಕು ಎಂದು ಇವು ಹೇಳುವುದಿಲ್ಲ. ಫೀ ಕೆಡುವುದೇ ಅಲ್ಲಿ. ಪತ್ರಕ್ಕೆ ಸಹಿ ಹಾಕಿದವರೇ ಅದನ್ನು ರದ್ದುಪಡಿಸಲು ಕೇಳಿದರೆ 38ನೇ ಕಲಂ. ಪತ್ರ ಎಷ್ಟು ಮೌಲ್ಯಕ್ಕೆ ಆಗಿದೆಯೋ ಅಷ್ಟರ ಮೇಲೆ ಫೀ. ಕೇರಳ ಕಾಯ್ದೆಯ ಇಂಥದೇ 40ನೇ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಸ್ಪಷ್ಟಪಡಿಸಿದೆ: ಪತ್ರದಲ್ಲಿ ನಮೂದಾದ ಮೌಲ್ಯ ಸಾಕು, ದಾವೆಯ ದಿನದ ಮಾರುಕಟ್ಟೆ ಬೆಲೆ ಬೇಡ. ಹತ್ತು ವರ್ಷ ಹಿಂದಿನ 4 ಲಕ್ಷದ ಕ್ರಯಪತ್ರಕ್ಕೆ ಇವತ್ತಿನ ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತುಪಡಿಸಿದ ಬೆಲೆ) ಹಾಕಿದರೆ ಕೈಯಿಂದ ಹಣ ಸುಮ್ಮನೆ ಹೋಗುತ್ತದೆ.

ಸಹಿ ಹಾಕದವರ ದಾರಿ ಬೇರೆ. ಅಣ್ಣ ಒಬ್ಬನೇ ಕುಟುಂಬದ ಜಾಗ ಮಾರಿದ್ದರೆ ತಂಗಿ ರದ್ದತಿ ಕೇಳಬೇಕಿಲ್ಲ, ಆ ಪತ್ರ ತನಗೆ ಬಾಧ್ಯವಲ್ಲ ಎಂಬ ಘೋಷಣೆ ಕೇಳಿದರೆ ಸಾಕು. ಆಗ 24ನೇ ಕಲಂ. ಘೋಷಣೆಯ ಜೊತೆ ಸ್ವಾಧೀನವನ್ನೂ ಕೇಳಿದರೆ ಪೂರ್ತಿ ಮಾರುಕಟ್ಟೆ ಬೆಲೆ, ಸ್ವಾಧೀನ ತನ್ನಲ್ಲೇ ಇದ್ದು ತಡೆಯಾಜ್ಞೆ ಕೇಳಿದರೆ ಅದರ ಅರ್ಧ. ಎರಡರಲ್ಲೂ ಕನಿಷ್ಠ ಮೌಲ್ಯ 1,000. ತೀರ್ವೆ (ಭೂಕಂದಾಯ) ಕಟ್ಟುವ ಕೃಷಿ ಜಾಗಕ್ಕೆ ಮಾರುಕಟ್ಟೆ ಬೆಲೆ ಎಂದರೆ ವಾರ್ಷಿಕ ತೀರ್ವೆಯ 25 ಪಟ್ಟು. ತೀರ್ವೆ 10 ರೂಪಾಯಿಯಾದರೆ ಬೆಲೆ 250, ಹಾಗಾಗಿ ಕನಿಷ್ಠ ಮೌಲ್ಯ 1,000ವೇ ಲೆಕ್ಕಕ್ಕೆ ಬಂದು ಫೀ ಬರೇ 25 ರೂಪಾಯಿ! ಮನೆಗೆ, ಕನ್ವರ್ಶನ್ ಆದ ಸೈಟಿಗೆ ಈ ಅನುಕೂಲವಿಲ್ಲ. ತೀರ್ವೆ ನಮೂದಾಗಿರುವ ಆರ್‌ಟಿಸಿ (ಪಹಣಿ) ಕೈಯಲ್ಲಿಲ್ಲದೆ ಈ ಲೆಕ್ಕಕ್ಕೆ ಕೂರಲೇಬೇಡಿ.

25 ರೂಪಾಯಿಯ ಆಸೆಗೆ ಸಹಿ ಹಾಕಿದವರೂ 'ರದ್ದು' ಎಂಬ ಮಾತನ್ನು ಬಿಟ್ಟು 'ಘೋಷಣೆ' ಎಂದು ಬರೆಸುವುದುಂಟು. ಅದು ನಿಲ್ಲುವುದಿಲ್ಲ. ಕೋರ್ಟ್ ನೋಡುವುದು ವಾದಪತ್ರದ, ಅಂದರೆ ದಾವೆಯ ಅರ್ಜಿಯ, ಒಳಗಿನ ಹುರುಳನ್ನು. ಫೀ ಕಡಿಮೆಯೆಂದು ಕೋರ್ಟಿನ ಕಚೇರಿಯಿಂದ ಆಕ್ಷೇಪಣೆ ಬಂದರೆ ಕೊರತೆ ತುಂಬಲು ಸಮಯ ಸಿಗುತ್ತದೆ, ಆಗಲೂ ತುಂಬದಿದ್ದರೆ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆಯ) 7ನೇ ಆದೇಶದ 11ನೇ ನಿಯಮದಡಿ ವಾದಪತ್ರವೇ ತಿರಸ್ಕೃತ. ರದ್ದತಿಗೆ ಇರುವ ಕಾಲಮಿತಿ, ವಿಷಯ ತಿಳಿದ ದಿನದಿಂದ 3 ವರ್ಷ, ಅಷ್ಟರಲ್ಲಿ ಮುಗಿದಿರಲೂಬಹುದು.

ಪತ್ರದಲ್ಲಿ ನಾಲ್ಕು ಜಾಗವಿದ್ದು ವಾದಿಯದ್ದು ಒಂದೇ ಆದರೆ, ಪತ್ರವನ್ನು ಬಿಡಿಸಿ ನೋಡಲಾಗದ ಸಂದರ್ಭಕ್ಕೆ 38(2) ಇದೆ. ಆ ಪ್ರಶ್ನೆ ಕೇಳುವ ಕ್ಯಾಲ್ಕ್ಯುಲೇಟರ್ ನಮ್ಮ ಕಣ್ಣಿಗೆ ಬಿದ್ದಿಲ್ಲ. ಐದಕ್ಕೆ ಎರಡು ಅಂಕ, ಅದೂ ಕೂಡುವ ಕೆಲಸಕ್ಕೆ.

ರಾಜ್ಯದ ಪಟ್ಟಿಯನ್ನೂ ಜಾಗ್ರತೆಯಿಂದ ಆರಿಸಿ. ಮನೆ ಮಂಗಳೂರಿನಲ್ಲಿದ್ದು ಜಾಗ ಮಂಜೇಶ್ವರದಲ್ಲಿದ್ದರೆ ದಾವೆ ನಡೆಯುವುದು ಜಾಗ ಇರುವಲ್ಲಿ, ಕಟ್ಟಬೇಕಾದ್ದು ಕೇರಳದ ದರ. ವಾದಿ ಹೆಂಗಸಾದರೆ ಲೆಕ್ಕ ಹಾಕುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ನೋಡದೆ ನೆರವು ಸಿಗುತ್ತದೆ, ಕೋರ್ಟ್ ಫೀಯೂ ಅದರಲ್ಲಿ ಸೇರುತ್ತದೆ.